ಕತ್ತರಿಯಕ್ಕನ ಐದನೆಯ ನಿಯಮ

ಕತ್ತರಿಯಕ್ಕನಿಗೆ ಐದು ನಿಯಮಗಳಿದ್ದವು. ಆ ಐದೂ ಅವಳಿಗಿಂತ ಚೆನ್ನಾಗಿ ಸುತ್ತಮುತ್ತಲಿನವರಿಗೆ ಬಾಯಿಪಾಠವಾಗಿದ್ದವು. ತೊಂದರೆ ಶುರುವಾದದ್ದೇ ಅಲ್ಲಿ. ಮನುಷ್ಯನ ಕೆಟ್ಟ ಚಾಳಿ ಗೊತ್ತಾದರೆ ಜನ ಹುಷಾರಾಗಿ ದೂರ ಇರುತ್ತಾರೆ. ಒಳ್ಳೆಯ ಚಾಳಿ ಗೊತ್ತಾಯಿತೋ, ಮೂಗುದಾರ ಹಿಡಿದುಕೊಂಡು ಹತ್ತಿರ ಬರುತ್ತಾರೆ.

ಅವಳು ಆ ನಿಯಮಗಳನ್ನು ಬರೆದದ್ದು ಹನ್ನೊಂದು ವರ್ಷಗಳ ಹಿಂದೆ, ತಂಗಿಯ ಮದುವೆಯಾದ ವಾರ. ತಂಗಿಯ ಮದುವೆಯ ದಿರಿಸನ್ನು ನಾನೇ ಹೊಲಿಯುತ್ತೇನೆ ಎಂದು ಆರು ತಿಂಗಳು ಮೊದಲೇ ಬಟ್ಟೆ ತಂದು, ಅಳತೆ ತೆಗೆದುಕೊಂಡು, ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮದುವೆಯ ಹಿಂದಿನ ದಿನ ತೆಗೆದು ನೋಡಿದರೆ ದಿರಿಸಿಗೆ ಒಂದೇ ತೋಳು. ತಂಗಿ ಅತ್ತು ರಂಪ ಮಾಡಿದ್ದರೆ ಇವಳೂ ಎರಡು ಮಾತು ಆಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ತಂಗಿ ನಕ್ಕುಬಿಟ್ಟಳು. "ಬಿಡಕ್ಕಾ, ನೀನು ಹಿಡಿದ ಕೆಲಸ ಅಂದ್ಮೇಲೆ ಒಂದು ತೋಳಾದ್ರೂ ಬಂತಲ್ಲ" ಎಂದು ಗೆಳತಿಯ ದಿರಿಸು ಹಾಕಿಕೊಂಡು ಮದುವೆಯಾದಳು. ಆ ನಗು ಇವಳ ಎದೆಗೆ ನಾಟಿತು. ಅದಕ್ಕೆ ಕಾರಣವೂ ಇತ್ತು. ಅರ್ಧ ಕಲಿತ ಟೈಪಿಂಗು, ಅರ್ಧ ಹೆಣೆದ ಸ್ವೆಟರು, ಎರಡನೇ ವರ್ಷಕ್ಕೆ ಕೈಬಿಟ್ಟ ಕಾಲೇಜು, ಇಷ್ಟೇ ಅವಳ ಅಲ್ಲಿಯವರೆಗಿನ ಆಸ್ತಿ. ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ ಅರ್ಧಂಬರ್ಧ ಎಂದು, ಅದೂ ಮುದ್ದಿನಿಂದ.

ಹಾಗಾಗಿ ಒಂದು ಬೆಳಿಗ್ಗೆ ಕೂತು, ಪ್ಯಾಟರ್ನ್ ಕತ್ತರಿಸಿ ಉಳಿದ ಕಂದು ಕಾಗದದ ಚೂರಿನ ಮೇಲೆ ಬರೆದಳು. ಅಲಾರಂ ಹೊಡೆಯುವ ಮೊದಲೇ ಏಳಬೇಕು. ಸಹಾಯ ಕೇಳಿದವರಿಗೆ ಇಲ್ಲ ಅನ್ನಬಾರದು. ಸಿಟ್ಟಿನಲ್ಲಿ ಮಾತಾಡಬಾರದು, ಏನಿದ್ದರೂ ಮರುದಿನ. ಕಣ್ಣಿಗೆ ಬಿದ್ದ ತಪ್ಪನ್ನು ಮುಚ್ಚಿಡಬಾರದು, ಅದು ಯಾರದೇ ಆಗಿರಲಿ. ಇಷ್ಟು ಬರೆದು, ಪೆನ್ನು ಎತ್ತಿ, ತುಂಬ ಹೊತ್ತು ಯೋಚಿಸಿ ಐದನೆಯದನ್ನು ಬರೆದಳು: ಹಿಡಿದ ಕೆಲಸ ಮುಗಿಸದೆ ಎದ್ದು ಹೋಗಬಾರದು. ಅದರ ಕೆಳಗೆ ಎರಡು ಗೆರೆ ಎಳೆದಳು. ಕಾಗದವನ್ನು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿದಳು.

ನಿಯಮಗಳಿಂದ ಅವಳಿಗೆ ಒಳ್ಳೆಯದಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಮವಸ್ತ್ರ ಹೊಲಿಯುವ ವರ್ಕ್‌ಶಾಪಿನಲ್ಲಿ ಗುಂಡಿ ಹಾಕುತ್ತಿದ್ದವಳು ಎರಡೇ ವರ್ಷದಲ್ಲಿ ಕತ್ತರಿಸುವ ಮೇಜಿಗೆ ಬಂದಳು. ನಾಲ್ಕನೇ ವರ್ಷಕ್ಕೆ ಆ ಮೇಜಿಗೆ ಅವಳೇ ಮುಖ್ಯಸ್ಥೆ. ಬಟ್ಟೆ ಹೊಲಿಯುವುದರಲ್ಲಿ ತಪ್ಪಾದರೆ ಬಿಚ್ಚಿ ಹೊಲಿಯಬಹುದು, ಕತ್ತರಿಸುವುದರಲ್ಲಿ ತಪ್ಪಾದರೆ ದೇವರು ಬಂದರೂ ಸರಿ ಮಾಡಲಾರ. ಅವಳ ಕೈ ಮಾತ್ರ ತಪ್ಪುತ್ತಿರಲಿಲ್ಲ. ಎಲ್ಲರೂ ಕತ್ತರಿಯಕ್ಕ ಎಂದು ಕರೆಯತೊಡಗಿದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ವರ್ಕ್‌ಶಾಪಿನ ಯಜಮಾನರು ಕೂಡ.

ಆದರೆ ಅವಳು ಒಂದು ತಪ್ಪು ಮಾಡಿದಳು. ಸಿಕ್ಕ ಸಿಕ್ಕವರಿಗೆಲ್ಲ ತನ್ನ ನಿಯಮಗಳನ್ನು ಹೇಳಿದಳು.

ಮನೆಯಲ್ಲಿ ಮಗಳು ಅವಕ್ಕೆ "ಅಮ್ಮನ ಸಂವಿಧಾನ" ಎಂದು ಹೆಸರಿಟ್ಟಿದ್ದಳು. ಆ ಹುಡುಗಿಗೆ ಹದಿನೆಂಟು, ಬುದ್ಧಿ ಮೂವತ್ತರದು. ಪರೀಕ್ಷೆಯಲ್ಲಿ ಫೇಲಾದದ್ದು, ಹೊಸ ಮೊಬೈಲ್ ಒಡೆದದ್ದು, ಇಂಥ ಸುದ್ದಿಗಳನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗಲೇ ಹೇಳುತ್ತಿದ್ದಳು. ಅಮ್ಮನಿಗೆ ಸಿಟ್ಟು ಬರುತ್ತದೆ, ಮೂರನೆಯ ನಿಯಮದ ಪ್ರಕಾರ ಅಮ್ಮ ಬಾಯಿ ಮುಚ್ಚುತ್ತಾಳೆ, ಬೆಳಗಾಗುವಷ್ಟರಲ್ಲಿ ಸಿಟ್ಟು ಆರಿ ತಣ್ಣಗಾಗಿರುತ್ತದೆ. ಗಂಡ ಗಡಿಯಾರ ರಿಪೇರಿಯವನು, ಸಾಧು ಪ್ರಾಣಿ. ಆದರೂ ಅವನಿಗೆ ಎರಡನೆಯ ನಿಯಮ ಚೆನ್ನಾಗಿ ಒಗ್ಗಿತ್ತು. "ಒಂದು ಸಣ್ಣ ಸಹಾಯ" ಎಂದು ಶುರುಮಾಡಿದರೆ ಸಾಕು, ಅವನ ಅಂಗಡಿಯ ಪರದೆ ಒಗೆಯುವುದರಿಂದ ಹಿಡಿದು ಅವನ ಅಕ್ಕನ ಮನೆ ಸಾಮಾನು ಸಾಗಿಸುವವರೆಗೆ ಎಲ್ಲವೂ ಕತ್ತರಿಯಕ್ಕನ ತಲೆಗೆ. ನಿಯಮ ಅವಳದು, ಅನುಕೂಲ ಊರಿನದು.

ಯಜಮಾನರದು ಮಾತ್ರ ಇವರೆಲ್ಲರಿಗಿಂತ ನಯವಾದ ಕೈ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ತೆಗೆಯುವ ಮನುಷ್ಯ. ಅವರು ಹಿಡಿದದ್ದು ಐದನೆಯ ನಿಯಮವನ್ನು.

ಅದು ಹೇಗೆ ಎಂದು ತಿಳಿಯಬೇಕಾದರೆ ಆ ವರ್ಕ್‌ಶಾಪಿನ ಕೆಲಸದ ರೀತಿ ಸ್ವಲ್ಪ ತಿಳಿಯಬೇಕು. ಉದ್ದನೆಯ ಎರಡು ಮೇಜುಗಳು. ಒಂದೊಂದರ ಮೇಲೂ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ, ಐವತ್ತೋ ಅರವತ್ತೋ. ಅದಕ್ಕೆ ಹಾಸು ಎಂದೇ ಹೆಸರು. ಮೇಲಿನ ಪದರದ ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು ಸೀಮೆಸುಣ್ಣದ ಚಾಕಿನಲ್ಲಿ ಗೆರೆ ಎಳೆದು, ಕರೆಂಟಿನ ಕತ್ತರಿಯಿಂದ ಅರವತ್ತು ಪದರವನ್ನೂ ಒಟ್ಟಿಗೇ ಕತ್ತರಿಸುವುದು. ಒಬ್ಬೊಬ್ಬರ ಕೈಯ ಗೆರೆ ಒಂದೊಂದು ತರಹ, ಒಬ್ಬರು ಗೆರೆ ಹಾಕಿ ಇನ್ನೊಬ್ಬರು ಕತ್ತರಿಸಿದರೆ ಅಂಗಿಗಳು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗುತ್ತವೆ. ಹಾಗಾಗಿ ಅಲ್ಲಿ ಹಳೆಯ ಕಟ್ಟಳೆಯೊಂದಿತ್ತು: ಯಾರು ಮೊದಲ ಗೆರೆ ಹಾಕುತ್ತಾರೋ ಆ ಹಾಸು ಅವರದು, ಕೊನೆಯವರೆಗೂ ಅವರದೇ.

ಯಜಮಾನರು ಮಾಡುತ್ತಿದ್ದದ್ದು ಇಷ್ಟೇ. ಒಂದು ಆರ್ಡರ್ ಮುಗಿಯುವ ಒಂದು ದಿನ ಮೊದಲು ಎರಡನೇ ಮೇಜಿನ ಮೇಲೆ ಮುಂದಿನ ಆರ್ಡರ್ ಹಾಸಿಸುತ್ತಿದ್ದರು. ನಗುನಗುತ್ತಾ ಬಂದು, "ಅಕ್ಕಾ, ಒಂದೇ ಒಂದು ಗೆರೆ ಹಾಕಿಬಿಡಿ, ಶುಭವಾಗ್ಲಿ" ಅನ್ನುತ್ತಿದ್ದರು. ಸಹಾಯ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಗೆರೆ ಹಾಕಿದ ಮೇಲೆ ಬಿಟ್ಟು ಹೋಗುವಂತಿಲ್ಲ. ಹೀಗೆ ಅವಳ ಕೆಲಸ ಯಾವತ್ತೂ ಮುಗಿಯುತ್ತಲೇ ಇರಲಿಲ್ಲ.

ಮೂರು ವರ್ಷಗಳ ಹಿಂದಿನವರೆಗೂ ಇದು ಅವಳಿಗೆ ತೊಂದರೆ ಅನ್ನಿಸಿರಲಿಲ್ಲ. ತೊಂದರೆ ಅನ್ನಿಸಿದ್ದು ಹೊಲಿಗೆ ಶಾಲೆಯ ಮೇಡಂ ಬಂದ ಮೇಲೆ. ಊರಿನ ಇನ್ನೊಂದು ತುದಿಯಲ್ಲಿದ್ದ ಆ ಶಾಲೆಗೆ ಒಂದು ಭಾನುವಾರ ಅವಳನ್ನು ಕರೆಸಿ, ಇಪ್ಪತ್ತು ಹುಡುಗಿಯರಿಗೆ ಬಟ್ಟೆ ಕತ್ತರಿಸುವುದನ್ನು ತೋರಿಸಿ ಅಂದಿದ್ದರು. ಅವಳು ತೋರಿಸಿದಳು. ಕತ್ತರಿ ಹಿಡಿಯುವುದನ್ನು, ಚಾಕ್ ಹಿಡಿಯುವುದನ್ನು, ಬಟ್ಟೆಯ ಮೇಲೆ ಅಂಗೈ ಇಟ್ಟು ಅದರ ಎಳೆ ಯಾವ ಕಡೆ ಓಡುತ್ತದೆ ಎಂದು ತಿಳಿಯುವುದನ್ನು. ಒಬ್ಬ ಹುಡುಗಿ ಮೊದಲ ಸಲ ನೇರವಾಗಿ ಕತ್ತರಿಸಿ, ತುಂಡನ್ನು ಎತ್ತಿ ಹಿಡಿದು ನೋಡಿದಳು. ಆ ಮುಖ ನೋಡಿ ಕತ್ತರಿಯಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷ ಅವಳು ಕತ್ತರಿಸಿದ ಸಾವಿರಾರು ಅಂಗಿಗಳನ್ನು ಯಾರ್ಯಾರೋ ತೊಟ್ಟಿದ್ದರು. ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಬದುಕಿಗೆ ಒಂದು ಅರ್ಥ ಅನ್ನುವುದು ಇದ್ದರೆ ಅದು ಈ ಕೋಣೆಯಲ್ಲಿದೆ ಎಂದು ಅವತ್ತು ಅವಳಿಗೆ ಅನ್ನಿಸಿತು.

ಅದೇ ದಿನ ಇನ್ನೊಂದು ಹುಡುಗಿ, "ತೋಳಿನ ಸುತ್ತು ಮುಂದುಗಡೆ ಯಾಕೆ ಜಾಸ್ತಿ ಆಳ, ಹಿಂದುಗಡೆ ಯಾಕೆ ಕಮ್ಮಿ?" ಎಂದು ಕೇಳಿದ್ದಳು. ಕತ್ತರಿಯಕ್ಕ ಅದನ್ನು ಕೈಯಿಂದ ಸಾವಿರ ಸಲ ಮಾಡಿದವಳು. ಬಾಯಿಂದ ಹೇಳಲು ಬರಲಿಲ್ಲ. "ಹಾಗೇ ಮಾಡೋದು" ಅಂದಳು, ಕಿವಿ ಬಿಸಿಯಾಯಿತು.

ಮೇಡಂ ಅದನ್ನೇನೂ ಮನಸ್ಸಿಗೆ ಹಾಕಿಕೊಳ್ಳದೆ ಕೆಲಸ ಕೊಡುತ್ತೇನೆ, ಬನ್ನಿ ಅಂದರು. "ಹಿಡಿದ ಆರ್ಡರ್ ಒಂದು ಮುಗಿಸಿ ಬರ್ತೀನಿ ಮೇಡಂ" ಎಂದು ಇವಳು ಹೇಳಿದಳು. ಆ ಆರ್ಡರ್ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಗೆರೆ ಬಿದ್ದಿತ್ತು. ಮೇಡಂ ಬೇರೆಯವರನ್ನು ಇಟ್ಟುಕೊಂಡರು. ಆ ಹೊಸಬರು ಬಿಟ್ಟು ಹೋದಾಗ ಮೇಡಂ ಮತ್ತೆ ಕೇಳಿದರು, ಮತ್ತೆ ಹಾಗೇ ಆಯಿತು. ಇದು ಮೂರನೆಯ ಸಲ. ಈ ಸಲ ಮೇಡಂ ನಗಲಿಲ್ಲ. "ಶನಿವಾರ ಸಂಜೆ ಆರು ಗಂಟೆ ತನಕ ನಾನು ಆಫೀಸಿನಲ್ಲಿರ್ತೀನಿ. ಬಂದು ಸಹಿ ಹಾಕಿ. ಬರದಿದ್ರೆ ಇನ್ನೊಬ್ಬರ ಹೆಸರು ಬರೀತೀನಿ, ಆಮೇಲೆ ನಿಮ್ಮನ್ನ ಕೇಳಲ್ಲ" ಅಂದರು.

ಕತ್ತರಿಯಕ್ಕ ಲೆಕ್ಕ ಹಾಕಿಕೊಂಡು ಕೂತಳು. ಈಗ ಹಿಡಿದಿರುವುದು ಬಸ್ ಚಾಲಕರ ಅಂಗಿಗಳು, ಶನಿವಾರ ಮೂರು ಗಂಟೆಗೆ ಮುಗಿಯುತ್ತವೆ. ಹೊಸ ಹಾಸಿಗೆ ಗೆರೆ ಹಾಕದಿದ್ದರೆ ಆಯಿತು. ಬಸ್ಸಿಗೆ ನಲವತ್ತು ನಿಮಿಷ. ಯಾವ ನಿಯಮವೂ ಮುರಿಯದೆ, ಯಾರ ಮನಸ್ಸೂ ನೋಯದೆ, ಹೂವಿನಂತೆ ಎದ್ದು ಹೋಗಬಹುದು. ಯಜಮಾನರಿಗೂ ಸೋಮವಾರವೇ ಹೇಳಿದಳು. ಅವರು ಕೈ ಮುಗಿದು, "ಖಂಡಿತ ಹೋಗಿ ಅಕ್ಕಾ, ನಿಮ್ಮ ಒಳ್ಳೇದೇ ನಮ್ಮ ಒಳ್ಳೇದು. ಎರಡನೇ ಮೇಜಿನ ಮಾಸ್ತರ ಇದಾನಲ್ಲ, ನೋಡ್ಕೋತಾನೆ" ಅಂದರು. ಅವಳಿಗೆ ಅಷ್ಟು ಸುಲಭವಾಗಿ ಆದದ್ದು ನೋಡಿ ಗಾಬರಿಯೇ ಆಯಿತು.

ಈ ಮಾತುಕತೆ ನಡೆಯುವಾಗ ಅಲ್ಲೇ ಥಾನುಗಳನ್ನು ಜೋಡಿಸುತ್ತಿದ್ದವನು ಥಾನಣ್ಣ. ಬಟ್ಟೆಯ ಥಾನುಗಳನ್ನು ಬಿಚ್ಚಿ ಮೇಜಿನ ಮೇಲೆ ಹಾಸುವುದು ಅವನ ಕೆಲಸ, ಮೂವತ್ತೊಂದು ವರ್ಷಗಳಿಂದ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಮಾತು ಕಡಿಮೆ, ಆಡಿದರೆ ಒಂದು ಚುಚ್ಚು ಇರುತ್ತಿತ್ತು. ಊರೆಲ್ಲ ಅಕ್ಕ ಅನ್ನುವವಳನ್ನು ಅವನೊಬ್ಬ ತಂಗೀ ಅನ್ನುತ್ತಿದ್ದ. ಕತ್ತರಿಯಕ್ಕನಿಗೆ ಮೇಜಿನ ಕೆಲಸ ಹೇಳಿಕೊಟ್ಟವನೂ ಅವನೇ.

"ಈ ಸಲ ಹೋಗ್ತೀಯಾ?" ಎಂದು ಯಜಮಾನರು ಹೋದ ಮೇಲೆ ಕೇಳಿದ.

"ಹೋಗ್ತೀನಿ ಅಣ್ಣಾ. ಇದೊಂದು ಮುಗಿಸಿ."

"ಹ್ಞೂಂ. ಇದೊಂದು" ಎಂದು ಅವನು ಇನ್ನೊಂದು ಥಾನು ಎತ್ತಿಕೊಂಡ.

ಶನಿವಾರ ಎಲ್ಲ ಲೆಕ್ಕದಂತೆಯೇ ನಡೆಯಿತು. ಮೂರಕ್ಕೆ ಐದು ನಿಮಿಷ ಇರುವಾಗ ಚಾಲಕರ ಕೊನೆಯ ಅಂಗಿಯ ಕೊನೆಯ ಕಾಲರ್ ಕತ್ತರಿಸಿ ಮುಗಿಸಿದಳು. ಯಂತ್ರ ಆರಿಸಿ, ಎಡಗೈಗೆ ಹಾಕಿಕೊಳ್ಳುವ ಉಕ್ಕಿನ ಬಲೆಯ ಕೈಗವಸನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸ ಒಂದೂ ಇರಲಿಲ್ಲ. ಅದು ಎಂಥ ಹಗುರ ಎಂದರೆ, ಅವಳಿಗೆ ಸ್ವಲ್ಪ ತಲೆ ಸುತ್ತಿದಂತಾಯಿತು.

ಯಜಮಾನರು ಬಂದರು. ಎರಡನೇ ಮೇಜಿನ ಮೇಲೆ ಹೊಸ ಹಾಸು ಸಿದ್ಧವಾಗಿತ್ತು, ಯಾವುದೋ ಕಾರ್ಖಾನೆಯ ಕಾವಲುಗಾರರ ಅಂಗಿಗೆ, ಅರವತ್ತು ಪದರ, ಕಡುನೀಲಿ.

"ಹೋಗೋ ಹೊತ್ತಲ್ಲಿ ಒಂದು ಸಣ್ಣ ಸಹಾಯ ಅಕ್ಕಾ" ಅಂದರು. "ನಿಮ್ಮ ಕೈಯಿಂದ ಒಂದೇ ಒಂದು ಗೆರೆ. ನೀವು ಗೆರೆ ಹಾಕಿದ ಆರ್ಡರ್ ಯಾವತ್ತೂ ವಾಪಸ್ ಬಂದಿಲ್ಲ. ಉಳಿದದ್ದು ಮಾಸ್ತರ ನೋಡ್ಕೋತಾನೆ."

ನೀವೋ ನಾನೋ ಆಗಿದ್ದರೆ, ನಮಸ್ಕಾರ ಸ್ವಾಮಿ ಎಂದು ಚಪ್ಪಲಿ ಹುಡುಕುತ್ತಿದ್ದೆವು. ಕತ್ತರಿಯಕ್ಕನಿಗೆ ಗೊತ್ತಿತ್ತು, ಒಂದು ಗೆರೆ ಅಂದರೆ ಇಡೀ ಹಾಸು. ಯಜಮಾನರಿಗೆ ಅದು ಗೊತ್ತಿದೆ ಎಂದೂ ಗೊತ್ತಿತ್ತು. ಆದರೂ ಸಹಾಯ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಅವಳ ಕೈ ತಾನಾಗಿಯೇ ಚಾಕ್ ಎತ್ತಿಕೊಂಡಿತು. ಅಡಕತ್ತರಿಯಲ್ಲಿ ಸಿಕ್ಕ ಹಾಗೆ, ಈ ಕಡೆ ಎರಡನೆಯ ನಿಯಮ, ಆ ಕಡೆ ಐದನೆಯದು. ಮಾಸ್ತರ ಆಗಲೇ ಅರ್ಧ ದಿನದ ರಜೆ ಹಾಕಿ ಹೋಗಿದ್ದ, ಅದನ್ನೂ ಅವಳು ಗಮನಿಸಿದಳು.

ಗೆರೆ ಹಾಕುವ ಮೊದಲು ಅವಳು ಯಾವತ್ತೂ ಹಾಸಿನ ಮೂಲೆಯನ್ನು ಎತ್ತಿ, ಪುಸ್ತಕದ ಹಾಳೆ ತಿರುವುವ ಹಾಗೆ ಪದರಗಳನ್ನು ನೋಡುತ್ತಿದ್ದಳು. ಈಗಲೂ ನೋಡಿದಳು. ನೋಡಿ, ಮತ್ತೆ ನೋಡಿದಳು.

ಆ ಬಟ್ಟೆಗೆ ಹೊರಮೈಯಲ್ಲಿ, ಅಂದರೆ ಮುಖದಲ್ಲಿ, ಓರೆ ಓರೆಯಾದ ಸಣ್ಣ ಗೆರೆಗಳು, ಒಳಮೈ ಮಂಕು. ಪ್ಯಾಟರ್ನಿನಲ್ಲಿ ಇರುವುದು ಒಂದೇ ತೋಳು, ಎಡದ್ದು. ಆದ್ದರಿಂದ ಒಂದು ಪದರ ಮುಖ ಮೇಲೆ, ಅದರ ಮೇಲಿನದು ಮುಖ ಕೆಳಗೆ, ಹೀಗೆ ಮುಖಕ್ಕೆ ಮುಖ ಕೊಟ್ಟು ಹಾಸಬೇಕು. ಆಗ ಒಂದೇ ಕತ್ತರಿಗೆ ಎಡ ಬಲ ಎರಡೂ ಬರುತ್ತವೆ. ಇಲ್ಲಿ ಅರವತ್ತಕ್ಕೆ ಅರವತ್ತೂ ಮುಖ ಮೇಲೆ. ಕತ್ತರಿಸಿದರೆ ಕಾವಲುಗಾರರಿಗೆಲ್ಲ ಎರಡೂ ಎಡ ತೋಳು. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಎಲ್ಲರೂ ಒಮ್ಮೆ ಮಾಡುವ ತಪ್ಪು ಇದು, ಬೈಸಿಕೊಂಡು ಕಲಿಯುವ ಪಾಠ.

ಅವಳು ತಲೆ ಎತ್ತಿ ನೋಡಿದಾಗ ಥಾನಣ್ಣ ಎದುರಿಗೇ ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ಅವನು ಏನೋ ಹೇಳುವವನಂತೆ ಕಂಡ, ಆದರೆ ಅವಳು ಅದಕ್ಕೆ ಕಾಯಲಿಲ್ಲ. ತಪ್ಪನ್ನು ಮುಚ್ಚಿಡಬಾರದು, ಅದು ಯಾರದೇ ಆಗಿರಲಿ.

"ಯಜಮಾನ್ರೇ, ಇದು ತಪ್ಪಾಗಿದೆ" ಅಂದಳು, ಎಲ್ಲರಿಗೂ ಕೇಳಿಸುವಂತೆ. "ಎಲ್ಲಾ ಒಂದೇ ಮುಖ ಹಾಸಿದಾರೆ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಯಜಮಾನರು ಮೂಲೆ ಎತ್ತಿ ನೋಡಿದರು. ಅವರ ಬಾಯಿಂದ ಬೆಣ್ಣೆಯ ಮಾತು ಬರದ ಸಂದರ್ಭಗಳು ಕಡಿಮೆ, ಇದು ಅವುಗಳಲ್ಲೊಂದು. ಮೂವತ್ತೊಂದು ವರ್ಷ ಕತ್ತೆ ಕಾಯ್ತಿದ್ರಾ ಎಂದು ಶುರುಮಾಡಿ, ಕಣ್ಣು ಕಾಣದಿದ್ದರೆ ಮನೆಯಲ್ಲಿ ಕೂರಬೇಕು ಅನ್ನುವವರೆಗೆ ಹೋದರು. ಮೂವತ್ತು ಜನ ಹೊಲಿಗೆಯವರು ಕೇಳುತ್ತಿದ್ದರು. ಥಾನಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ.

"ವಯಸ್ಸಾಯ್ತು ಯಜಮಾನ್ರೇ, ತಪ್ಪಾಯ್ತು" ಅಂದ. "ಇದನ್ನ ಬಿಚ್ಚಿ ಮತ್ತೆ ಹಾಸೋದು ಇವತ್ತು ಆಗೋ ಮಾತಲ್ಲ. ಸೋಮವಾರ ಹಾಸ್ತೀನಿ, ಮಾಸ್ತರ ಗೆರೆ ಹಾಕ್ಲಿ. ಅಕ್ಕ ಪಾಪ ಹೊರಟು ನಿಂತಿದಾಳೆ, ಹೋಗ್ಲಿ."

ಅವನು ಅವಳನ್ನು ಅಕ್ಕ ಅಂದದ್ದು ಅದೇ ಮೊದಲು. ಅಷ್ಟಕ್ಕಾದರೂ ಅವಳು ಎಚ್ಚರಗೊಳ್ಳಬೇಕಿತ್ತು. ಆದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನನ್ನಿಂದ ಈ ಮನುಷ್ಯ ಎಲ್ಲರೆದುರು ಬೈಸಿಕೊಂಡ, ನಾನು ಹೀಗೇ ಕೈ ತೊಳೆದುಕೊಂಡು ಹೊರಟರೆ ಯಾವ ನ್ಯಾಯ?

"ಇಬ್ಬರು ಕೈ ಹಾಕಿದ್ರೆ ಒಂದು ಗಂಟೇಲಿ ಆಗುತ್ತೆ ಅಣ್ಣಾ. ಇನ್ನೂ ಮೂರು ಗಂಟೆ ಅಷ್ಟೇ" ಎಂದು ಅವಳು ಸೆರಗು ಸಿಕ್ಕಿಸಿದಳು.

ಥಾನಣ್ಣ ಕಣ್ಣು ಮುಚ್ಚಿ ತೆರೆದ. "ಬೇಡ" ಅಂದ.

"ಸುಮ್ನಿರಿ ಅಣ್ಣಾ."

ಯಜಮಾನರ ಮುಖ ಮತ್ತೆ ಬೆಣ್ಣೆಯಾಯಿತು. "ಅಕ್ಕ ಅಂದ್ರೆ ಅಕ್ಕ" ಎಂದು ತಮ್ಮ ಕೋಣೆಗೆ ಹೋದರು.

ಇಬ್ಬರೂ ಮೇಜಿನ ಎರಡು ತುದಿಯಲ್ಲಿ ನಿಂತು ಪದರಗಳನ್ನು ಎತ್ತಿ ತಿರುಗಿಸಿದರು. ಒಂದು ಬಿಟ್ಟು ಒಂದು, ಮೂವತ್ತು ಪದರ. ಬಟ್ಟೆ ಭಾರ, ಎಂಟು ಗಜ ಉದ್ದ. ಒಂದೊಂದನ್ನೂ ಸುಕ್ಕಿಲ್ಲದಂತೆ ಎಳೆದು ಅಂಚಿಗೆ ಅಂಚು ಕೂಡಿಸಬೇಕು. ಗಂಟೆ ನಾಲ್ಕೂ ಕಾಲಾಯಿತು. ಹಾಸಾದ ಮೇಲೆ ಗೆರೆ ಹಾಕದೆ ಬಿಡುವುದು ಹೇಗೆ? ಒಂದು ಗೆರೆ ಹಾಕಿದಳು. ಒಂದು ಗೆರೆ ಬಿದ್ದ ಮೇಲೆ ಉಳಿದ ಗೆರೆಗಳು ತಾವಾಗಿಯೇ ಬಂದವು. ಐದಕ್ಕೆ ಹತ್ತು ನಿಮಿಷ ಇರುವಾಗ ಉಕ್ಕಿನ ಕೈಗವಸು ಹಾಕಿಕೊಂಡು ಯಂತ್ರದ ಸ್ವಿಚ್ ಒತ್ತಿದಳು. ಥಾನಣ್ಣ ಎದುರು ಬದಿಯಲ್ಲಿ ನಿಂತು, ಪದರಗಳು ಜಾರದಂತೆ ಎರಡೂ ಅಂಗೈಯಿಂದ ಒತ್ತಿ ಹಿಡಿದ.

ಹೊಲಿಗೆಯವರೆಲ್ಲ ಮನೆಗೆ ಹೊರಟರು. ಕೋಣೆಯಲ್ಲಿ ಉಳಿದದ್ದು ಈ ಯಂತ್ರದ ಸದ್ದು ಒಂದೇ. ಎಡಗಡೆಯ ಮುಂಭಾಗ, ಬೆನ್ನು, ತೋಳು. ಅವಳಿಗೆ ಗಡಿಯಾರ ಕಾಣುತ್ತಿತ್ತು. ಮತ್ತೆ ಮತ್ತೆ ನೋಡುತ್ತಲೇ ಇದ್ದಳು, ಆದರೆ ಕೈ ನಿಲ್ಲುತ್ತಿರಲಿಲ್ಲ. ಮುಳ್ಳಿನ ಮೇಲೆ ಬಿದ್ದ ಬಟ್ಟೆಯಂತೆ ಆಗಿದ್ದಳು, ಎಳೆದರೂ ಹರಿಯುತ್ತದೆ, ಬಿಟ್ಟರೂ ಹರಿಯುತ್ತದೆ. ಎದುರಿಗೆ ತಲೆ ತಗ್ಗಿಸಿಯೇ ನಿಂತಿದ್ದ ಥಾನಣ್ಣನನ್ನು ನೋಡಿ ಮನಸ್ಸು ಕರಗಿತು.

"ಬೇಜಾರು ಮಾಡ್ಕೋಬೇಡಿ ಅಣ್ಣಾ" ಅಂದಳು. "ಎಲ್ಲರಿಗೂ ಒಂದು ಸಲ ಕೈ ತಪ್ಪುತ್ತೆ."

"ಒಂದು ಸಲ ತಪ್ಪುತ್ತೆ" ಎಂದ ಥಾನಣ್ಣ. "ಮೂವತ್ತು ಸಲ ತಪ್ಪುತ್ತಾ?"

ಅವಳು ಯಂತ್ರ ನಿಲ್ಲಿಸಿದಳು.

"ಮೊದಲನೇ ಪದರ ಹಾಸಿದೆ, ಎರಡನೇದನ್ನ ತಿರುಗಿಸದೇ ಹಾಸಿದೆ. ನಾಲ್ಕನೇದು, ಆರನೇದು. ಕೈ ತಾನಾಗೇ ತಿರುಗ್ತಾ ಇತ್ತು, ಹಿಡಿದು ಹಿಡಿದು ಹಾಸಿದೆ. ಮೂವತ್ತೊಂದು ವರ್ಷದ ಕೈ, ಅಷ್ಟು ಸುಲಭಕ್ಕೆ ಮಾತು ಕೇಳುತ್ತಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಗೆರೆ ಹಾಕು ಅಂತಾರೆ, ನೀನು ಇಲ್ಲ ಅನ್ನಲ್ಲ, ಎರಡೂ ಗೊತ್ತಿತ್ತು. ತಪ್ಪು ಹಾಸಿನ ಮೇಲೆ ಯಾರೂ ಗೆರೆ ಹಾಕೋ ಹಾಗಿಲ್ಲ. ನೀನು ಮೂಲೆ ಎತ್ತಿ ನೋಡ್ತೀಯ, ನನ್ನ ಹತ್ರ ಮೆಲ್ಲಗೆ ಹೇಳ್ತೀಯ, ಹೊರಟು ಹೋಗ್ತೀಯ ಅಂದ್ಕೊಂಡೆ. ನಾಲ್ಕನೇ ನಿಯಮ ಇರೋದು ಮರೆತೇಬಿಟ್ಟೆ ನೋಡು."

ಹೆಸರೊಂದನ್ನು ಬಿಟ್ಟರೆ ಆ ಮನುಷ್ಯ ಅಲ್ಲಿ ಗಳಿಸಿದ್ದು ಬೇರೇನೂ ಇರಲಿಲ್ಲ. ಅದನ್ನು ಅವನು ಅವಳಿಗಾಗಿ ಮೇಜಿನ ಮೇಲೆ ಹಾಸಿದ್ದ. ಅವಳು ಅದನ್ನು ಮೂವತ್ತು ಜನರೆದುರು ಎತ್ತಿ ತೋರಿಸಿದ್ದಳು.

"ನನಗೆ ಗೊತ್ತಾಗ್ಲಿಲ್ಲ ಅಣ್ಣಾ."

"ಹೋಗ್ಲಿ. ಈಗ ಗಂಟೆ ಐದೂ ಹತ್ತು. ಮೂಲೆಯ ಸ್ಟಾಪಿನಲ್ಲಿ ಬಸ್ಸು ಸಿಗುತ್ತೆ, ಹೋಗು."

"ಅರ್ಧ ಕತ್ತರಿಸಿದೀನಿ."

"ಉಳಿದರ್ಧ ಸೋಮವಾರ ಮಾಸ್ತರ ಕತ್ತರಿಸ್ತಾನೆ. ಅಂಗಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುತ್ತೆ. ಆಗ್ಲಿ ಬಿಡು, ಯಾವ ಕಾವಲುಗಾರನ ತೋಳೂ ಉದುರಿ ಹೋಗಲ್ಲ."

ಅವಳು ನಿಂತೇ ಇದ್ದಳು. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಐದನೆಯ ನಿಯಮ ಅಡ್ಡ ಬರುತ್ತದೆ ಎಂದು ಹೇಳಲು ಬಾಯಿ ತೆರೆದಳು. ಆಗ ಅವಳಿಗೆ ತನ್ನ ಮನಸ್ಸು ಸ್ಪಷ್ಟವಾಗಿ ಕಂಡಿತು, ಕಂಡದ್ದು ಚೆನ್ನಾಗಿರಲಿಲ್ಲ. ಮೂರು ಗಂಟೆಗೆ ಯಂತ್ರ ಆರಿಸಿ ಕೈ ಖಾಲಿಯಾದಾಗ ತಲೆ ಸುತ್ತಿದ್ದು ಸಂತೋಷಕ್ಕಲ್ಲ. ಹಾಸಿನಲ್ಲಿ ತಪ್ಪು ಕಂಡಾಗ, ಅದನ್ನು ಸರಿಮಾಡಲು ಸೆರಗು ಸಿಕ್ಕಿಸಿದಾಗ, ಮೊದಲ ಗೆರೆ ಎಳೆದಾಗ, ಒಳಗೊಳಗೇ ಅವಳಿಗೆ ನಿರಾಳವಾಗಿತ್ತು. ಮೂರು ವರ್ಷಗಳಿಂದಲೂ ಪ್ರತಿ ಸಲ ಹಾಗೇ ಆಗಿತ್ತು. ಯಜಮಾನರು ಒಡ್ಡಿದ ಬಲೆಯೊಳಗೆ ಅವಳು ಪ್ರತಿ ಸಲವೂ ಅವಸರದಿಂದ ಹೋಗಿ ಕೂತಿದ್ದಳು.

"ನಿಯಮ ಅಲ್ಲ ಅಣ್ಣಾ" ಅಂದಳು. "ನನಗೆ ಹೆದರಿಕೆ. ಇಲ್ಲಿ ನಾನು ತಪ್ಪು ಮಾಡಲ್ಲ. ಅಲ್ಲಿ ಹೋದ್ರೆ ದಿನಾ ಮಾಡ್ತೀನಿ, ಹುಡುಗೀರ ಎದುರಿಗೆ."

"ಗೊತ್ತು" ಎಂದ ಥಾನಣ್ಣ. "ಅದು ಗೊತ್ತಿದ್ದಕ್ಕೇ ಹೀಗೆ ಹಾಸಿದ್ದು."

ಅವನು ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ದೀಪಗಳು ಆರಿದವು. ಕಿಟಕಿಯ ಸಂಜೆ ಬೆಳಕಿನಲ್ಲಿ ಕಡುನೀಲಿ ಬಟ್ಟೆ ಕಪ್ಪಾಗಿ ಕಂಡಿತು.

"ಕರೆಂಟ್ ಹೋಯ್ತು ಅಂದ್ಕೋ. ಕರೆಂಟ್ ಇಲ್ದಿದ್ರೆ ಯಾರು ಏನು ಮಾಡಕ್ಕಾಗುತ್ತೆ? ನಡಿ."

ಅವಳಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಬಾಗಿಲು ತೆರೆದೇ ಇತ್ತು. ಅವಳ ಚೀಲ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಮೇಜಿನಿಂದ ಅಲ್ಲಿಗೆ ಹೆಚ್ಚೆಂದರೆ ಹದಿನೈದು ಹೆಜ್ಜೆ. ಅವಳು ಐದಾರು ಹೆಜ್ಜೆ ನಡೆದಳು ಕೂಡ. ಆಮೇಲೆ ಗೋಡೆಯ ಕಡೆ ತಿರುಗಿ, ಕೈ ಚಾಚಿ ಮೇನ್ ಸ್ವಿಚ್ಚನ್ನು ಮೇಲಕ್ಕೆ ಎತ್ತಿದಳು.

ಥಾನಣ್ಣ ಮೇಜಿನ ಎದುರು ಬದಿಗೆ ಹೋಗಿ, ಎರಡೂ ಅಂಗೈ ಊರಿ ಬಟ್ಟೆಯನ್ನು ಒತ್ತಿ ಹಿಡಿದ.

ಆರಕ್ಕೆ ಐದು ನಿಮಿಷ ಇರುವಾಗ ಕೆಲಸ ಮುಗಿಯಿತು. ಒಂದು ತುಂಡೂ ಹೆಚ್ಚುಕಮ್ಮಿ ಇರಲಿಲ್ಲ. ಕತ್ತರಿಯಕ್ಕ ತುಂಡುಗಳನ್ನು ಜೋಡಿಸಿ ಗಂಟು ಕಟ್ಟಿ, ಕಸ ಗುಡಿಸಿ, ಮೇಜು ಒರೆಸಿದಳು. ಗಂಟೆ ಆರು ದಾಟಿತ್ತು. ಅಷ್ಟರಲ್ಲಿ ಯಜಮಾನರು ಬೀಗದ ಕೈ ಹಿಡಿದು ಕೋಣೆಯಿಂದ ಹೊರಗೆ ಬಂದರು. ಗಂಟುಗಳನ್ನು ನೋಡಿ ತಲೆದೂಗಿದರು.

"ಥಾನಣ್ಣಾ, ಸೋಮವಾರದಿಂದ ನೀವು ಗಂಟು ಕಟ್ಟೋ ಕಡೆ ಕೂತ್ಕೊಳ್ಳಿ" ಅಂದರು. "ಹಾಸೋಕೆ ಬೇರೆಯವರನ್ನ ನೋಡ್ತೀನಿ. ನಿಮಗೂ ಕಣ್ಣಿಗೆ ಆಯಾಸ."

"ಆಗ್ಲಿ" ಎಂದ ಥಾನಣ್ಣ.

ಕತ್ತರಿಯಕ್ಕನಿಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈ ಮನುಷ್ಯನನ್ನು ಗಂಟು ಕಟ್ಟೋಕೆ ಕೂರಿಸಿದರೆ ಸೋಮವಾರದಿಂದ ನಾನೂ ಬರಲ್ಲ, ಇಷ್ಟೇ. ಸಿಟ್ಟಿನ ಮಾತು ಮರುದಿನಕ್ಕೆ ಎಂಬ ಮೂರನೆಯ ನಿಯಮ ತಕ್ಷಣ ನೆನಪಿಗೆ ಬಂತು. ಅವಳು ಬಾಯಿ ಮುಚ್ಚಿಕೊಂಡಳು. ಆದರೆ ಈ ಸಲ ಅದು ನಿಯಮಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು.

ಯಜಮಾನರು ಬೀಗದ ಕೈಯನ್ನು ಅವಳ ಮುಂದಿಟ್ಟು, ಬಾಗಿಲು ಹಾಕಿಕೊಂಡು ಬನ್ನಿ ಅಕ್ಕಾ ಎಂದು ಹೋದರು. ಥಾನಣ್ಣ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲ ಬಳಿ ನಿಂತ.

"ಬಾ ತಂಗೀ, ಬಸ್ ಸ್ಟಾಪಿನ ತನಕ ಜೊತೇಲಿ ಹೋಗೋಣ" ಅಂದ.

ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ನೀವು ಹೋಗಿ ಅಣ್ಣಾ, ನನಗಿನ್ನೂ ಮೇಜು ಒರೆಸೋದಿದೆ" ಅಂದಳು.

ಮೇಜು ಆಗಲೇ ಒರೆಸಿಯಾಗಿತ್ತು.